ಹೋರಿಯ ಓಟವೂ ವರದಿಗಾರನ ಲೇಖನಿಯೂ

ಪಾನುಂಗಲ್ಲೆಂಬ ಪ್ರಾಚೀನ ನಾಮದಿಂದ ಶಾಸನಗಳಲ್ಲಿ ವಿಖ್ಯಾತವಾದ ಹಾನಗಲ್ಲೇ ಮಹಾಭಾರತದ ವಿರಾಟನಗರವೆಂಬುದು ಇಲ್ಲಿಯ ಜನರ ಐತಿಹ್ಯ. ಗೋಗ್ರಹಣದ ಕಥೆಯನ್ನು ತಮ್ಮೂರಿನ ಬಯಲಿಗೇ ಬರಮಾಡಿಕೊಂಡ ಈ ಸೀಮೆಯಲ್ಲಿ, ತುರುಗಳಿಗಾಗಿ ಕಾದಿ ಮಡಿದವನ ವಾರ್ತೆಯನ್ನು ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸುವ ಪದ್ಧತಿ ಶತಮಾನಗಳ ಕಾಲ ನಡೆದುಬಂದಿತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗಸನ್ನಿಧಿ, ಬರಹವುಳ್ಳ ಕಲ್ಲಾದರೆ ನಡುವಣ ಅಂಚುಗಳಲ್ಲಿ ಕಾಲ, ಊರು, ಹೆಸರು: ಮಡಿದನೆಂದಷ್ಟೇ ಹೇಳಿ ನಿಲ್ಲದೆ, ಹೇಗೆ ಕಾದಿದನೆಂಬುದನ್ನೂ ತೋರಿಸಿದ ಆ ಅನಾಮಿಕ ರೂವಾರಿಯನ್ನು ನಮ್ಮ ನಾಡಿನ ಪ್ರಥಮ ವರದಿಗಾರರಲ್ಲೊಬ್ಬನೆಂದು ನಾನು ಗೌರವದಿಂದ ಎಣಿಸುತ್ತೇನೆ.

ತುರುಗೋಳಿನ ಕಾಲ ಕಳೆಯಿತು. ದನದ ಮೇಲಣ ಅಭಿಮಾನ ಮಾತ್ರ ಹೋರಿ ಹಬ್ಬದಲ್ಲಿ ಉಳಿಯಿತು. ಬಲಿಪಾಡ್ಯಮಿಯಂದು ಪೂಜೆಗೊಂಡ ಹೋರಿಗಳು ಅಂದಿನಿಂದ ಸಂಕ್ರಾಂತಿಯಾಚೆಯವರೆಗೂ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಸೀಮೆಯ ಊರೂರುಗಳ ಅಖಾಡಗಳಲ್ಲಿ ಓಡುತ್ತವೆ. ಕೊರಳಿಗೆ ಒಣಕೊಬ್ಬರಿಯ ಹಾರ, ಬೆನ್ನಿಗೆ ಜೂಲ, ಕೋಡಿಗೆ ಬಣ್ಣದ ರಿಬ್ಬನು, ಬಲೂನು. ಇಕ್ಕೆಲದಲ್ಲಿ ಕಟ್ಟಿಗೆಯ ಬೇಲಿ, ಬೇಲಿಯಾಚೆ ಜನಸಾಗರ. ಬಿಟ್ಟ ಹೋರಿ ಹಿಡಿಯುವವರ ಕೈಗೆ ಸಿಲುಕದೆ, ಕೊಬ್ಬರಿ ಹರಿಯಗೊಡದೆ ಪಾರಾದರೆ ಅದರದೇ ಮೇಲುಗೈ; ಹಾರಿಬಿದ್ದು ಕೊಬ್ಬರಿ ಕಿತ್ತವನಿಗೆ ಆ ಕ್ಷಣದ ಕೀರ್ತಿ. ಬಹುಮಾನವಾಗಿ ಬಂಗಾರ, ತಿಜೋರಿ, ಬೈಕುಗಳನ್ನಿಡುತ್ತಾರೆ. ಆದರೆ ವರ್ಷವಿಡೀ ಹುರುಳಿ, ಹತ್ತಿಕಾಳು, ಹಿಂಡಿಗಳನ್ನು ತಿನ್ನಿಸಿ, ಮನೆಯ ಮಗನಂತೆ ಮೈತಿಕ್ಕಿ ಸಾಕಿದ ರೈತನ ವೆಚ್ಚಕ್ಕೆ ಬಹುಮಾನದ ಲೆಕ್ಕ ಸರಿದೂಗುವುದೇ ಅಪರೂಪ. ಹೋರಿಗೊಂದು ಹೆಸರುಂಟು, ಹೆಸರಿಗೊಂದು ಅಭಿಮಾನಿ ಬಳಗವುಂಟು, ಬಳಗಕ್ಕೊಂದು ಬಾವುಟವುಂಟು. ಯಾವ ಹೋರಿ ಬಲಕ್ಕೆ ಒಲೆಯುವುದು, ಯಾವುದು ಜನರ ಗುಂಪನ್ನು ಕಂಡು ಕ್ಷಣಕಾಲ ತಡೆದು ಅನಂತರ ಬಾಣದಂತೆ ಚಿಮ್ಮುವುದು ಎಂಬುದನ್ನು ಬಲ್ಲ ಪ್ರೇಕ್ಷಕನ ಜ್ಞಾನವು ಯಾವ ಕ್ರೀಡಾಪಂಡಿತನ ಜ್ಞಾನಕ್ಕೂ ಕಡಿಮೆಯಾದುದಲ್ಲ.

ಈ ಜ್ಞಾನಕ್ಕೆ ಅಚ್ಚಿನಲ್ಲಿ ದೊರೆತ ಸ್ಥಾನವೆಷ್ಟು? ಇಂಗ್ಲೆಂಡಿನ ಫುಟ್‌ಬಾಲಿನೊಡನೆ ಹೋಲಿಸಿ ನೋಡೋಣ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ, ಮೋಗ್ಲಿಂಗನ ‘ಮಂಗಳೂರ ಸಮಾಚಾರ’ ಹೊರಟಾಗ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಇನ್ನೂ ಜನಿಸಿರಲಿಲ್ಲ. ಅದು ಸ್ಥಾಪಿತವಾದುದು 1863ರಲ್ಲಿ. ಅಂದಮೇಲೆ ನಮ್ಮ ಪತ್ರಿಕಾವೃತ್ತಿ ಆ ಆಟದ ಆಡಳಿತಕ್ಕಿಂತ ಇಪ್ಪತ್ತು ವರ್ಷ ಹಿರಿಯದು. ಧರ್ಮಜಾಗೃತಿ, ಸ್ವಾತಂತ್ರ್ಯ, ಏಕೀಕರಣ ಎಂಬ ಮಹಾಕಾರ್ಯಗಳಲ್ಲಿ ತೊಡಗಿದ್ದ ಉತ್ತರ ಕರ್ನಾಟಕದ ಪತ್ರಿಕೆಗಳು ಹೋರಿಯ ಓಟಕ್ಕೆ ಅಂಕಣ ಮೀಸಲಿಡದಿದ್ದುದನ್ನು ನಾನು ದೋಷವೆಂದು ಎಣಿಸೆನು. 1997ರಲ್ಲಿ ಈ ಸೀಮೆಯು ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದ ಮೇಲಾದರೋ ಆ ಕಾರಣ ಉಳಿಯಲಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ ಆಟವೂ ಅದರ ವರದಿಯೂ ಜೊತೆಗೂಡಿ ಬೆಳೆದವು. ಹನ್ನೆರಡು ತಂಡಗಳ ಲೀಗು 1888ರಲ್ಲಿ ಆರಂಭವಾಯಿತು. ಶನಿವಾರ ಸಂಜೆ ಆಟ ಮುಗಿಯುತ್ತಲೇ ಹಸಿರು, ನಸುಗೆಂಪು ಕಾಗದದ ಕ್ರೀಡಾಪತ್ರಿಕೆಗಳು ಕೈಗಾರಿಕಾ ನಗರಗಳ ಬೀದಿಗಿಳಿಯುವ ವಾಡಿಕೆ ಬಂದಿತು. 1927ರ ಜನವರಿ 22ರಂದು ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳ ಪಂದ್ಯವನ್ನು ಬಿಬಿಸಿ ಬಾನುಲಿಯಲ್ಲಿ ಬಿತ್ತರಿಸಿದಾಗ, ಕಣ್ಣಿಗೆ ಕಾಣದ ಚೆಂಡು ಎಲ್ಲಿದೆಯೆಂದು ಕೇಳುಗನಿಗೆ ತಿಳಿಯಲೆಂದು ಮೈದಾನವನ್ನು ಅಂಕೆಹಾಕಿದ ಚೌಕಗಳಾಗಿ ವಿಭಾಗಿಸಿದ ಚಿತ್ರವನ್ನು ಮುಂಚಿತವಾಗಿ ಅಚ್ಚುಹಾಕಿ ಕೊಟ್ಟಿದ್ದರು. ಕೇಳುಗನ ಮೇಲಣ ಎಂಥ ಶ್ರದ್ಧೆ! ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ‘ಆ್ಯನ್ ಓಲ್ಡ್ ಇಂಟರ್‌ನ್ಯಾಷನಲ್’ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಡಾನ್ ಡೇವಿಸ್, ತಾನೂ ಆಡಿ ಬಲ್ಲವನಾದುದರಿಂದ, ಪಾಮರನ ಆಟಕ್ಕೆ ಪ್ರೌಢಗದ್ಯದ ಮರ್ಯಾದೆ ದೊರಕಿಸಿದನು. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಸಂಭವಿಸಿದ ವಿಮಾನಾಪಘಾತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರೊಡನೆ ಮಡಿದ ಎಂಟು ಮಂದಿ ಪತ್ರಕರ್ತರಲ್ಲಿ ಅವನೂ ಒಬ್ಬನು.

ಅದೇ ಇಂಗ್ಲೆಂಡಿನ ಪತ್ರಿಕಾರಂಗವು ಅಭಿಮಾನಿಗೆ ಘೋರವಾದ ಅನ್ಯಾಯವನ್ನೂ ಎಸಗಿತು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಲುಕಿದ ಲಿವರ್‌ಪೂಲಿನ ಪ್ರೇಕ್ಷಕರಲ್ಲಿ ತೊಂಬತ್ತೇಳು ಮಂದಿ ಅಸುನೀಗಿದರು. ನಾಲ್ಕು ದಿನಗಳ ತರುವಾಯ ‘ದಿ ಸನ್’ ಪತ್ರಿಕೆಯು, ಮಡಿದವರ ಜೇಬುಗಳನ್ನು ಅಭಿಮಾನಿಗಳೇ ದೋಚಿದರೆಂಬ ಸುಳ್ಳನ್ನು ಸತ್ಯವೆಂಬ ತಲೆಬರಹದಡಿ ಪ್ರಕಟಿಸಿತು. ಪ್ರೇಕ್ಷಕರದು ತಪ್ಪಿಲ್ಲವೆಂಬುದು ವಿಚಾರಣೆಯಲ್ಲಿ ತೀರ್ಮಾನವಾಗುವ ಹೊತ್ತಿಗೆ 2016ನೆಯ ಇಸವಿ ಬಂದಿತ್ತು. ಲಿವರ್‌ಪೂಲಿನಲ್ಲಿ ಆ ಪತ್ರಿಕೆಯ ಬಹಿಷ್ಕಾರ ಅನಂತರವೂ ನಿಲ್ಲಲಿಲ್ಲ.

ನಮ್ಮ ಹೋರಿ ಹಬ್ಬದ ವರದಿಗಳಲ್ಲಿ ಅಂಥ ಕ್ರೌರ್ಯವನ್ನು ನಾನು ಕಂಡಿಲ್ಲ. ಆದರೆ ವರ್ಷಾನುವರ್ಷ ನಾನು ಓದುತ್ತ ಬಂದ ಸುದ್ದಿಗಳಲ್ಲಿ ಬಹುಪಾಲು ಎರಡೇ ಬಗೆಯವು: ತಿವಿತಕ್ಕೆ ಒಬ್ಬನು ಬಲಿಯಾದನೆಂಬುದೊಂದು, ಸಾವಿರಾರು ಜನ ಸೇರಿ ಸಂಭ್ರಮಿಸಿದರೆಂಬುದೊಂದು. ಮೊದಲನೆಯದರಲ್ಲಿ ಬೇಲಿ ಎಲ್ಲಿತ್ತು, ಆಂಬುಲೆನ್ಸು ಬಂದಿತ್ತೇ ಎಂಬ ವಿಚಾರಣೆಯಿಲ್ಲ. ಎರಡನೆಯದರಲ್ಲಿ ಉದ್ಘಾಟಕರ ಹೆಸರುಗಳೆಲ್ಲ ಇದ್ದು ಗೆದ್ದ ಹೋರಿಯ ಹೆಸರೇ ಇರದು. ಪ್ರಾಣಿಹಿಂಸೆಯ ಪ್ರಶ್ನೆಯು ಕ್ಷುಲ್ಲಕವಾದುದಲ್ಲ. 2014ರಲ್ಲಿ ಜಲ್ಲಿಕಟ್ಟನ್ನು ನಿಷೇಧಿಸಿದ ಸರ್ವೋಚ್ಚ ನ್ಯಾಯಾಲಯವೇ, ಕಂಬಳ ಮತ್ತು ಎತ್ತುಗಳ ಓಟಕ್ಕೆ ಎಡೆಗೊಟ್ಟ ಕರ್ನಾಟಕದ ತಿದ್ದುಪಡಿಯನ್ನು 2023ರ ಮೇ 18ರಂದು ಎತ್ತಿಹಿಡಿಯಿತು. ಹೋರಿಗೆ ನೋವಾಯಿತೇ ಎಂದು ಕೇಳುವ ವರದಿಗಾರನನ್ನು ಅಭಿಮಾನಿಯು ಶತ್ರುವೆಂದು ಬಗೆಯಕೂಡದು. ಹೋರಿಯನ್ನು ಪ್ರೀತಿಸುವವನಿಗೆ ಆ ಪ್ರಶ್ನೆಯೇ ಮೊದಲನೆಯದಾಗಬೇಕು.

ಆದುದರಿಂದ ಈ ನಾಲ್ಕು ತಾಲೂಕುಗಳ ತರುಣ ವರದಿಗಾರರಲ್ಲಿ ನನ್ನ ವಿನಂತಿಯಿದು. ಬರುವ ದೀಪಾವಳಿಯ ತರುವಾಯ ವೇದಿಕೆಯನ್ನು ಬಿಟ್ಟು ಬೇಲಿಯ ಬಳಿಗೆ ಬನ್ನಿರಿ. ಹೋರಿಯ ಹೆಸರನ್ನೂ ಅದನ್ನು ಸಾಕಿದವರ ಊರನ್ನೂ ಕೇಳಿ ಬರೆದುಕೊಳ್ಳಿರಿ. ಅದು ಹೇಗೆ ಓಡಿತೆಂಬುದನ್ನು ಬರದವರಿಗೂ ಕಾಣುವಂತೆ ಬರೆಯಿರಿ. ಯಾರಾದರೂ ಗಾಯಗೊಂಡರೆ ವ್ಯವಸ್ಥೆಯ ಲೋಪವನ್ನು ನಿರ್ಭಯವಾಗಿ ಹೇಳಿರಿ. ಓದಲು ನಾವಿದ್ದೇವೆ.