ಅವರ ಹಡಗಿಗೆ ಅವರಿಟ್ಟ ಹೆಸರು

ನಮ್ಮ ವಾಚನಾಲಯದಲ್ಲಿ ರಜೆಯ ಸಂಜೆ ಮಕ್ಕಳಿಗೆ ಕಥೆ ಹೇಳುವ ಕ್ರಮ ಉಂಟು. ಕಳೆದ ಬೇಸಿಗೆಯಲ್ಲಿ ನಾನು ಎಚ್. ಜಿ. ವೆಲ್ಸ್ ಬರೆದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ಮೂರು ಸಂಜೆ ಹೇಳಿದೆ. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರುವ ಕಥೆ ಅದು. ಮುಗಿಸಿ ಏಳುವಾಗ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: “ಮಾಷ್ಟ್ರೇ, ಇಂಗ್ಲಿಷರ ಹಡಗಿಗೆ ಹೆಸರುಂಟಲ್ಲ, ಮಂಗಳದವರದ್ದಕ್ಕೆ ಎಂತ ಹೆಸರು?”

ಉತ್ತರ ನನ್ನಲ್ಲಿರಲಿಲ್ಲ. ಮನೆಗೆ ಬಂದು ಪುಸ್ತಕ ಮತ್ತೆ ಬಿಡಿಸಿದೆ. ಹುಡುಗ ಹೇಳಿದ್ದು ಸರಿಯೇ. 1898ರಲ್ಲಿ ಪುಸ್ತಕವಾಗಿ ಬಂದ ಆ ಕಥೆಯಲ್ಲಿ ಜನ ತುಂಬಿದ ಒಂದು ಹಡಗನ್ನು ಉಳಿಸಲಿಕ್ಕೆ ಇಂಗ್ಲಿಷರ ಯುದ್ಧನೌಕೆಯೊಂದು ಶತ್ರುವಿನ ಮೇಲೆ ನುಗ್ಗಿ ತಾನೂ ನಾಶವಾಗುತ್ತದೆ. ಅದರ ಹೆಸರು ‘ಥಂಡರ್ ಚೈಲ್ಡ್’, ಅಂದರೆ ಗುಡುಗಿನ ಕೂಸು. ಎದುರಿಗೆ ನಿಂತ ಮೂರು ಕಾಲಿನ ಯಂತ್ರಗಳಿಗೆ ಬರೇ ‘ಕಾದಾಡುವ ಯಂತ್ರ’ ಎನ್ನುವರು. ಅದು ಹೆಸರಲ್ಲ, ಕೆಲಸ. ಅದೂ ಓಡಿ ತಪ್ಪಿಸಿಕೊಂಡವರು ಇಟ್ಟದ್ದು. ಮಂಗಳದವರು ತಮ್ಮೊಳಗೆ ಅದನ್ನು ಏನೆಂದು ಕರೆಯುತ್ತಿದ್ದರೋ, ಕಥೆ ಮುಗಿದರೂ ಗೊತ್ತಾಗುವುದಿಲ್ಲ.

ವೆಲ್ಸ್ ಇದನ್ನು ತಿಳಿಯದೆ ಬರೆದವನಲ್ಲ. ಮೊದಲ ಅಧ್ಯಾಯದಲ್ಲೇ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿನವರು ನಾಶ ಮಾಡಿದ್ದನ್ನು ನೆನಪಿಸುತ್ತಾನೆ. 1642ರಲ್ಲಿ ಡಚ್ ನಾವಿಕ ಆಬೆಲ್ ಟಾಸ್ಮನ್ ಎರಡು ಹಡಗುಗಳಲ್ಲಿ ಆ ದ್ವೀಪಕ್ಕೆ ಬಂದ. ಹೀಮ್ಸ್‌ಕೆರ್ಕ್, ಜೀಹಾನ್ ಎಂದು ಹಡಗುಗಳ ಹೆಸರು. ದ್ವೀಪಕ್ಕೆ ತನ್ನ ಗವರ್ನರನ ಹೆಸರಿಟ್ಟು ಹೋದ. 1856ರಲ್ಲಿ ಅದನ್ನು ತೆಗೆದು ಟಾಸ್ಮನ್ನನ ಹೆಸರನ್ನೇ ಇಟ್ಟರು. ಅಲ್ಲಿಯವರ ಕಣ್ಣಿಗೆ ಅನ್ಯಗ್ರಹದ ಹಡಗೆಂದರೆ ಇವೇ ಅಲ್ಲವೇ? ಹೆಸರಿಡುವ ಹಕ್ಕು ಮಾತ್ರ ಎರಡು ಸಲವೂ ಬಂದವರಿಗೇ ಹೋಯಿತು. (ಮಂಜೇಶ್ವರವನ್ನು ಬೋರ್ಡಿನಲ್ಲಿ ಮಂಜೇಶ್ವರಂ ಎಂದು ಓದುವ ನಮಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮದು ಒಂದು ಅನುಸ್ವಾರದ ಮಾತು, ಅವರದ್ದು ಜೀವದ್ದು.)

ಶತ್ರುವಿನ ವಾಹನಕ್ಕೆ ನಾವೇ ಹೆಸರಿಡುವುದನ್ನು ಒಂದು ಪದ್ಧತಿಯಾಗಿ ಮಾಡಿದ್ದು ಎರಡನೇ ಮಹಾಯುದ್ಧ. ಜಪಾನಿನ ವಿಮಾನಗಳ ಹೆಸರು ಮಿತ್ರಪಡೆಯವರ ನಾಲಗೆಗೆ ಹೊರಳುತ್ತಿರಲಿಲ್ಲ. 1942ರಲ್ಲಿ ಫ್ರಾಂಕ್ ಮೆಕ್ಕಾಯ್ ಎಂಬ ಅಮೆರಿಕದ ಅಧಿಕಾರಿ ಕಾದಾಟದ ವಿಮಾನಗಳಿಗೆ ಗಂಡಸರ ಹೆಸರು, ಬಾಂಬರುಗಳಿಗೆ ಹೆಂಗಸರ ಹೆಸರು ಕೊಡುತ್ತಾ ಹೋದ. ಅವನು ಟೆನೆಸ್ಸಿಯವನು. ಹಾಗಾಗಿ ಝೀಕ್, ರೂಫ್, ನೇಟ್ ಅಂತ ತನ್ನ ಕಡೆಯ ಹಳ್ಳಿಗರ ಹೆಸರುಗಳನ್ನೇ ಹಂಚಿದ. ಜಪಾನಿಯರು ‘ಸೊನ್ನೆ’ ಎಂದು ಕರೆಯುತ್ತಿದ್ದ ವಿಮಾನ ಝೀಕ್ ಆಯಿತು. ಸೊನ್ನೆ ಯಾಕೆಂದರೆ ಅದು ಸೇನೆಗೆ ಸೇರಿದ 1940 ಅವರ ಪಂಚಾಂಗದಲ್ಲಿ 2600ನೇ ವರ್ಷ, ಕೊನೆಯ ಅಂಕಿ ಸೊನ್ನೆ. ಆಮೇಲೆ ನೇಟೋದವರು ಸೋವಿಯತ್ ವಿಮಾನಗಳಿಗೂ ಇದನ್ನೇ ಮಾಡಿದರು. ನಮ್ಮ ವಾಯುಪಡೆಯಲ್ಲಿದ್ದ ಮಿಗ್-27 ಅವರ ಪಟ್ಟಿಯಲ್ಲಿ ‘ಫ್ಲಾಗರ್’, ಚಾಟಿ ಬೀಸುವವ. ನಮ್ಮವರು ಅದನ್ನು ‘ಬಹಾದ್ದೂರ್’ ಎಂದರು.

ಈ ಯುದ್ಧವನ್ನು ಕಂಡ ತಲೆಮಾರೇ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ಮಾಡಿತು. 1966ರ ಒಂದು ಕಂತಿನಲ್ಲಿ ರೋಮ್ಯುಲನ್ನರೆಂಬ ಶತ್ರುಗಳು ಬರುತ್ತಾರೆ. ಹಿಂದೊಮ್ಮೆ ಅವರೊಡನೆ ಯುದ್ಧವೇ ಆಗಿದ್ದರೂ ಮುಖ ನೋಡಿದವರಿಲ್ಲ. ಅವರ ಹಡಗಿನ ಹೊಟ್ಟೆಯಲ್ಲಿ ದೊಡ್ಡ ಹಕ್ಕಿಯ ಚಿತ್ರ. ಅದರಿಂದ ಹಡಗಿಗೆ ‘ಬೇಟೆಹಕ್ಕಿ’ ಎಂಬ ಹೆಸರು ಬಂತು. 1984ರ ಚಲನಚಿತ್ರದಲ್ಲಿ ಕ್ಲಿಂಗನ್ ಎಂಬ ಇನ್ನೊಂದು ಜನಾಂಗದ ಹಡಗಿಗೂ ಅದೇ ಹೆಸರು. ಕಥಾನಾಯಕರು ಆ ಹಡಗನ್ನು ಹಿಡಿದುಕೊಳ್ಳುತ್ತಾರೆ. 1986ರ ಮುಂದಿನ ಚಿತ್ರದಲ್ಲಿ ಅವರ ವೈದ್ಯ ಅದರ ಮೈಮೇಲೆ ‘ಎಚ್‌ಎಂಎಸ್ ಬೌಂಟಿ’ ಎಂದು ಬರೆಸಿರುತ್ತಾನೆ. 1789ರಲ್ಲಿ ನಾವಿಕರು ದಂಗೆಯೆದ್ದ ಇಂಗ್ಲಿಷ್ ಹಡಗಿನ ಹೆಸರು ಅದು. ತಾವೂ ಮೇಲಿನವರ ಆಜ್ಞೆ ಮೀರಿದವರೇ ಎಂಬ ತಮಾಷೆ. ಆ ವೈದ್ಯನ ಹೆಸರೂ ಮೆಕ್ಕಾಯ್! ಇದು ಕಾಕತಾಳೀಯವೇ ಇರಬೇಕು, ಆದರೂ ನನಗೆ ನಗು ಬಂತು.

ಆದರೆ ಅದೇ 1984ರ ಚಿತ್ರಕ್ಕೆ ಇನ್ನೊಂದು ಕೆಲಸವೂ ನಡೆದಿತ್ತು. ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿಯನ್ನು ಕರೆಸಿ ಕ್ಲಿಂಗನ್ನರಿಗೆ ವ್ಯಾಕರಣವಿರುವ ಒಂದು ಭಾಷೆಯನ್ನೇ ಕಟ್ಟಿಸಿದರು. 1985ರಲ್ಲಿ ಅದರ ನಿಘಂಟು ಅಚ್ಚಾಯಿತು. ಇಲ್ಲದ ಜನಕ್ಕೆ ನಿಘಂಟು! ಮೊದಲು ನನಗೂ ಇದು ಹಣವಂತರ ಆಟವೆನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಭಾಷೆ ಬಂದ ಮೇಲೆ ಅವರ ಹಡಗನ್ನು ಬರೇ ಹಕ್ಕಿ ಎಂದು ಬಿಡಲಿಕ್ಕೆ ಆಗುವುದಿಲ್ಲ. 1989ರ ಒಂದು ಕಂತಿನಲ್ಲಿ ಭೂಮಿಯ ಅಧಿಕಾರಿ ರೈಕರ್ ಅದಲುಬದಲಾಗಿ ಕ್ಲಿಂಗನ್ ಹಡಗಿಗೆ ಕೆಲಸಕ್ಕೆ ಹೋಗುತ್ತಾನೆ. ಅವರ ಊಟ ಉಣ್ಣುತ್ತಾನೆ, ಅವರೊಡನೆ ಕೂತು ನಗುತ್ತಾನೆ. ಆ ಹಡಗಿಗೆ ಅವರದ್ದೇ ಹೆಸರು: ‘ಪಾಘ್’. ಓಕ್ರಾಂಡನ ನಿಘಂಟಿನಲ್ಲಿ ಆ ಶಬ್ದಕ್ಕೆ ಸೊನ್ನೆ ಎಂದು ಅರ್ಥ.

ಮುಂದಿನ ವಾರ ಹುಡುಗನಿಗೆ ಇದನ್ನೆಲ್ಲ ಹೇಳಿದೆ. “ಹಾಗಾದರೆ ಮಂಗಳದವರ ಹತ್ತಿರ ಯಾರೂ ಊಟಕ್ಕೆ ಹೋಗಲಿಲ್ಲವಾ?” ಎಂದ. ವೆಲ್ಸ್‌ನ ಕಥೆಯಲ್ಲಿ ಅವರ ಊಟ ಮನುಷ್ಯರ ರಕ್ತ ಮಾರಾಯಾ ಎಂದೆ. ಅದನ್ನು ಕೇಳಿ ಉಳಿದ ಮಕ್ಕಳೂ ಹತ್ತಿರ ಬಂದು ಕೂತರು.