ರಿಲೇ ಉಪಗ್ರಹ

ಭೂಮಿಗೆ ಹತ್ತಿರದ ಕೆಳಕಕ್ಷೆಯಲ್ಲಿ ಸುತ್ತುವ ನೌಕೆಗಳಿಗೂ ಭೂಕೇಂದ್ರಕ್ಕೂ ನಡುವೆ ಸಂಕೇತಗಳನ್ನು ದಾಟಿಸುವ ಉಪಗ್ರಹ. ಸಾಮಾನ್ಯವಾಗಿ ಇದನ್ನು ಸಮಭಾಜಕದ ಮೇಲೆ ಸುಮಾರು 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಇರಿಸಲಾಗುತ್ತದೆ.

ಸುಮಾರು 400 ಕಿ.ಮೀ. ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸರಿಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಂದು ಸುತ್ತಿನಲ್ಲಿ ಅದು ಒಂದು ಭೂಕೇಂದ್ರದ ದೃಷ್ಟಿಗೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಆಮೇಲೆ ದಿಗಂತದಾಚೆ ಮರೆಯಾಗುತ್ತದೆ. ಬಹಳ ಎತ್ತರದಲ್ಲಿರುವ ರಿಲೇ ಉಪಗ್ರಹಕ್ಕೆ ಈ ಅಡ್ಡಿಯಿಲ್ಲ. ಸರಿಯಾದ ಅಂತರದಲ್ಲಿ ಎರಡು–ಮೂರು ಉಪಗ್ರಹಗಳಿದ್ದರೆ ಬಹುತೇಕ ನಿರಂತರ ಸಂಪರ್ಕ ಸಾಧ್ಯ. ಆದರೆ ಸಂಕೇತವು 70,000 ಕಿ.ಮೀ.ಗೂ ಹೆಚ್ಚು ದೂರ ಸಾಗಬೇಕಾದ್ದರಿಂದ ಸುಮಾರು ಕಾಲು ಸೆಕೆಂಡ್ ವಿಳಂಬವಾಗುತ್ತದೆ. ಓಡುವ ನೌಕೆಯತ್ತ ಆಂಟೆನಾವನ್ನು ಸದಾ ತಿರುಗಿಸುತ್ತಲೂ ಇರಬೇಕು.

ನಾಸಾದ ಟಿಡಿಆರ್‌ಎಸ್ ಈ ಬಗೆಯ ಪ್ರಮುಖ ಜಾಲ. ಇದರ ಮೊದಲ ಉಪಗ್ರಹ 1983ರ ಏಪ್ರಿಲ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಉಡಾವಣೆಯಾಯಿತು. ಮೇಲೇರಿಸುವ ರಾಕೆಟ್ ಕೈಕೊಟ್ಟಾಗ, ಉಪಗ್ರಹದ ಸಣ್ಣ ನೋದಕಗಳನ್ನೇ ವಾರಗಟ್ಟಲೆ ಉರಿಸಿ ಅದನ್ನು ನಿಗದಿತ ಕಕ್ಷೆಗೆ ತಲುಪಿಸಲಾಯಿತು. ಎರಡನೆಯದು 1986ರ ಚಾಲೆಂಜರ್ ದುರಂತದಲ್ಲಿ ನಾಶವಾಯಿತು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಇದರ ಮುಖ್ಯ ಭೂಕೇಂದ್ರ. ಹಬಲ್ ದೂರದರ್ಶಕದ ದತ್ತಾಂಶವೂ ಈ ಜಾಲದ ಮೂಲಕವೇ ಭೂಮಿಗೆ ಬಂದಿದೆ.

ಯುರೋಪಿನ ಇಡಿಆರ್‌ಎಸ್ ಉಪಗ್ರಹಗಳ ನಡುವೆ ಲೇಸರ್ ಕಿರಣವನ್ನು ಬಳಸುತ್ತದೆ. ಗಗನಯಾನಕ್ಕೆ ನೆರವಾಗಲೆಂದು ಇಸ್ರೋ ಕೂಡ ಇಂಥದೇ ವ್ಯವಸ್ಥೆಯನ್ನು ಯೋಜಿಸಿದೆ.