ಹೈಬ್ರಿಡ್ ರೇಸ್ ಕಾರು: ದೀರ್ಘಾವಧಿ ಸ್ಪರ್ಧೆಗಾಗಿ ವಿನ್ಯಾಸ

ಇಂಧನ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರಿನಿಂದಲೂ ಚಕ್ರ ತಿರುಗಿಸುವ, ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯ ಒಂದು ಪಾಲನ್ನು ಹಿಡಿದಿಟ್ಟು ಮತ್ತೆ ಬಳಸುವ ಸ್ಪರ್ಧಾ ವಾಹನಕ್ಕೆ ಹೈಬ್ರಿಡ್ ರೇಸ್ ಕಾರು ಎನ್ನುತ್ತಾರೆ. ದೀರ್ಘಾವಧಿ, ಅಂದರೆ ಎಂಡ್ಯೂರೆನ್ಸ್ ಸ್ಪರ್ಧೆಗಳು ಸಾಮಾನ್ಯವಾಗಿ 6ರಿಂದ 24 ಗಂಟೆಗಳ ಕಾಲ ನಡೆಯುತ್ತವೆ. ಒಂದೇ ಕಾರನ್ನು ಇಬ್ಬರು ಮೂವರು ಚಾಲಕರು ಸರದಿಯಲ್ಲಿ ಓಡಿಸುತ್ತಾರೆ. ಗೊತ್ತಾದ ಅವಧಿಯಲ್ಲಿ ಹೆಚ್ಚು ದೂರ ಕ್ರಮಿಸಿದ ಕಾರಿಗೆ ಗೆಲುವು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಓದುಗರಿಗೆ ಈ ಅಳತೆ ಹೊಸದೇನಲ್ಲ. ಜಾತ್ರೆಯ ತೆರಬಂಡಿ ಸ್ಪರ್ಧೆಯಲ್ಲೂ ನಿಗದಿತ ಸಮಯದೊಳಗೆ ಜೋಡೆತ್ತು ಬಂಡಿಯನ್ನು ಎಷ್ಟು ದೂರ ಎಳೆದವು ಎಂಬುದನ್ನೇ ಸಾಮಾನ್ಯವಾಗಿ ನೋಡುತ್ತಾರೆ. ಮೊದಲ ಜಗ್ಗಿಗೇ ಕಸುವೆಲ್ಲ ಕಳೆದುಕೊಂಡ ಜೋಡಿ ಕೊನೆಗೆ ಹಿಂದೆ ಬೀಳುತ್ತದೆ. ಕಾರಿನ ವಿನ್ಯಾಸಕಾರನಿಗೂ ಇದೇ ಮೊದಲ ಪಾಠ.

ಇತಿಹಾಸ

1998ರಲ್ಲಿ ಪ್ಯಾನೋಜ್ ಸಂಸ್ಥೆ ಹೈಬ್ರಿಡ್ ಕಾರೊಂದನ್ನು ಫ್ರಾನ್ಸಿನ 24 ಗಂಟೆ ಓಟವಾದ ಲೆ ಮಾನ್ಸ್‌ಗೆ ತಂದಿತ್ತು. ಬ್ಯಾಟರಿಯ ಭಾರ ಹೆಚ್ಚಾಗಿ ಅದು ಅರ್ಹತಾ ಹಂತ ದಾಟಲಿಲ್ಲ. 24 ಗಂಟೆಯ ಓಟವೊಂದನ್ನು ಹೈಬ್ರಿಡ್ ಕಾರು ಮೊದಲು ಗೆದ್ದದ್ದು 2007ರಲ್ಲಿ, ಜಪಾನಿನ ತೊಕಾಚಿಯಲ್ಲಿ. ಅದು ವಿದ್ಯುತ್ತನ್ನು ಕೂಡಿಡುವ ಸೂಪರ್ ಕೆಪಾಸಿಟರ್ ಹೊತ್ತ ಟೊಯೊಟಾ ಸೂಪ್ರಾ ಎಚ್‌ವಿ-ಆರ್. 2010ರ ನ್ಯೂರ್ಬರ್ಗ್‌ರಿಂಗ್ 24 ಗಂಟೆ ಓಟದಲ್ಲಿ ಮುಂಚೂಣಿಯಲ್ಲಿದ್ದ ಪೋರ್ಷೆ 911 ಜಿಟಿ3 ಆರ್ ಹೈಬ್ರಿಡ್, ಮುಕ್ತಾಯಕ್ಕೆ ಎರಡು ಗಂಟೆಯೂ ಉಳಿಯದಿದ್ದಾಗ ನಿಂತುಹೋಯಿತು. ಕೆಟ್ಟದ್ದು ಅದರ ಎಂಜಿನ್, ಹೈಬ್ರಿಡ್ ವ್ಯವಸ್ಥೆಯಲ್ಲ. ಲೆ ಮಾನ್ಸ್ ಗೆದ್ದ ಮೊದಲ ಹೈಬ್ರಿಡ್ ಕಾರು 2012ರ ಔಡಿ ಆರ್18 ಇ-ಟ್ರಾನ್ ಕ್ವಾಟ್ರೊ. ಅಂದಿನಿಂದ 2025ರವರೆಗೆ ಅಲ್ಲಿ ಒಟ್ಟಾರೆ ಗೆದ್ದ ಕಾರುಗಳೆಲ್ಲ ಹೈಬ್ರಿಡ್‌ಗಳೇ: ಔಡಿ, ಪೋರ್ಷೆ, ಟೊಯೊಟಾ, ಕೊನೆಯ ಮೂರು ವರ್ಷ ಫೆರಾರಿ.

ಶಕ್ತಿಯ ಲೆಕ್ಕ

ವಿನ್ಯಾಸ ಶುರುವಾಗುವುದು ಕಾರಿನ ಆಕಾರದಿಂದಲ್ಲ, ಒಂದು ಸರಳ ಲೆಕ್ಕದಿಂದ. ಚಾಲಕ, ಇಂಧನ ಸೇರಿ 1000 ಕಿಲೋ ತೂಗುವ ಕಾರು ಗಂಟೆಗೆ 330 ಕಿ.ಮೀ. ವೇಗದಿಂದ 100 ಕಿ.ಮೀ.ಗೆ ಇಳಿಯುತ್ತದೆ ಎನ್ನೋಣ. ಅದು ಕಳೆದುಕೊಳ್ಳುವ ಚಲನಶಕ್ತಿ ಸುಮಾರು 3.8 ಮೆಗಾಜೂಲ್. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಶಕ್ತಿಯ ಪ್ರಮಾಣ ದೊಡ್ಡದಲ್ಲ. ಅದು ಬರುವ ರಭಸ ದೊಡ್ಡದು. ಬ್ರೇಕ್ ಹಿಡಿಯುವ ಕಾಲ ನಾಲ್ಕು ಸೆಕೆಂಡ್ ಎಂದಿಟ್ಟುಕೊಂಡರೆ 950 ಕಿಲೋವಾಟ್ ಸಾಮರ್ಥ್ಯದಲ್ಲಿ ಶಕ್ತಿ ಹರಿದುಬರುತ್ತದೆ. ಅದರಲ್ಲಿ ಒಂದು ಪಾಲು ಗಾಳಿಯ ತಡೆಗೆ ಹೋಗುತ್ತದೆ. ಮೋಟಾರಿನ ಸಾಮರ್ಥ್ಯ 200 ಕಿಲೋವಾಟ್ ಆಗಿದ್ದರೆ ಆ ನಾಲ್ಕು ಸೆಕೆಂಡಿನಲ್ಲಿ ಅದು ಹಿಡಿಯಬಲ್ಲದ್ದು 0.8 ಮೆಗಾಜೂಲ್, ಅಂದರೆ ಸುಮಾರು ಐದರಲ್ಲಿ ಒಂದು ಭಾಗ. ಗಾಳಿಯ ತಡೆಗೆ ಹೋಗಿ ಉಳಿದದ್ದು ಬ್ರೇಕ್ ಡಿಸ್ಕಿನ ಬಿಸಿಯಾಗಿ ಹೋಗುತ್ತದೆ.

ಆದಷ್ಟು ಹೆಚ್ಚು ಶಕ್ತಿ ಹಿಡಿಯಲೆಂದೇ ಹಲವು ಕಾರುಗಳಲ್ಲಿ ಮೋಟಾರನ್ನು ಮುಂದಿನ ಅಚ್ಚಿಗೆ ಜೋಡಿಸುತ್ತಾರೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬಾಗುವುದರಿಂದ ಮುಂದಿನ ಚಕ್ರಗಳಿಗೆ ನೆಲದ ಹಿಡಿತ ಹೆಚ್ಚು, ದಕ್ಕುವ ಶಕ್ತಿಯೂ ಹೆಚ್ಚು. ಹಾಗೆ ಮಾಡಿದಾಗ ಕಾರು ನಾಲ್ಕು ಚಕ್ರ ಚಾಲನೆಯದಾಗಿ ತಿರುವಿನಿಂದ ಹೊರಬರುವಾಗ ಅನುಕೂಲ ಪಡೆಯುತ್ತದೆ. ಅದನ್ನು ತಡೆಯಲೆಂದೇ ಲೆ ಮಾನ್ಸ್ ಓಟದ 2012ರ ನಿಯಮ, ಮುಂದಿನ ಮೋಟಾರು ಗಂಟೆಗೆ 120 ಕಿ.ಮೀ. ಮೀರಿದ ಮೇಲಷ್ಟೇ ಕಾರನ್ನು ತಳ್ಳಬಹುದು ಎಂದು ಕಟ್ಟುಹಾಕಿತು.

ಶಕ್ತಿಯನ್ನು ಕೂಡಿಡುವ ಬಗೆ

ಈ ಕಾರುಗಳ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯದ ಅಧ್ಯಾಯ ಇದೇ ಎಂಬುದು ಈ ಲೇಖಕನ ಎಣಿಕೆ. ಒಂದೇ ಪ್ರಶ್ನೆಗೆ ಮೂರು ಸಂಸ್ಥೆಗಳು ಮೂರು ಉತ್ತರ ಕೊಟ್ಟವು. ಔಡಿ ಗತಿಚಕ್ರವನ್ನು, ಅಂದರೆ ಫ್ಲೈವೀಲನ್ನು ಆರಿಸಿಕೊಂಡಿತು. ಬ್ರೇಕಿನ ಶಕ್ತಿಯಿಂದ ಹುಟ್ಟಿದ ವಿದ್ಯುತ್ತು ನಿರ್ವಾತ ಪೆಟ್ಟಿಗೆಯಲ್ಲಿರುವ ಕಾರ್ಬನ್ ನಾರಿನ ಚಕ್ರವನ್ನು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿಸುತ್ತದೆ. ಬೇಕಾದಾಗ ಅದೇ ಚಕ್ರ ಜನರೇಟರ್ ಆಗಿ ವಿದ್ಯುತ್ತನ್ನು ಮರಳಿಸುತ್ತದೆ. ಟೊಯೊಟಾ ಸೂಪರ್ ಕೆಪಾಸಿಟರ್ ನೆಚ್ಚಿತು. ಅದರಲ್ಲಿ ರಾಸಾಯನಿಕ ಕ್ರಿಯೆ ಪ್ರಧಾನವಲ್ಲವಾದ್ದರಿಂದ ಬಂದ ರಭಸವನ್ನೆಲ್ಲ ನುಂಗುತ್ತದೆ, ಆದರೆ ತೂಕಕ್ಕೆ ತಕ್ಕಷ್ಟು ಶಕ್ತಿ ತುಂಬಿಸಿಕೊಳ್ಳಲಾರದು. ಪೋರ್ಷೆ 2014ರಲ್ಲಿ 919 ಹೈಬ್ರಿಡ್ ತಂದಾಗ ಲಿಥಿಯಂ-ಅಯಾನ್ ಬ್ಯಾಟರಿಯನ್ನೇ ನಂಬಿತು. ಸುಮಾರು 800 ವೋಲ್ಟ್ ಒತ್ತಡದ ಆ ವ್ಯವಸ್ಥೆಗೆ ಎರಡು ಕಡೆಯಿಂದ ಶಕ್ತಿ ಬರುತ್ತಿತ್ತು: ಮುಂದಿನ ಅಚ್ಚಿನಿಂದ ಬ್ರೇಕಿನ ಶಕ್ತಿ, ಹೊಗೆ ಕೊಳವೆಯಲ್ಲಿಟ್ಟ ಪುಟ್ಟ ಟರ್ಬೈನಿನಿಂದ ಎಂಜಿನ್ ಹೊರಬಿಡುವ ಬಿಸಿಗಾಳಿಯ ಶಕ್ತಿ. ಕಾರು ವೇಗ ಹೆಚ್ಚಿಸಿಕೊಳ್ಳುವಾಗಲೂ ಬ್ಯಾಟರಿ ತುಂಬುವುದು ಇದರಿಂದ ಸಾಧ್ಯವಾಯಿತು.

2014ರ ನಿಯಮ ಲೆ ಮಾನ್ಸ್‌ನ ಒಂದು ಸುತ್ತಿಗೆ 2, 4, 6 ಅಥವಾ 8 ಮೆಗಾಜೂಲ್ ಎಂದು ನಾಲ್ಕು ವರ್ಗ ಮಾಡಿ, ಹೆಚ್ಚು ವಿದ್ಯುತ್ ಬಳಸುವವರಿಗೆ ಕಡಿಮೆ ಇಂಧನ ಅಳೆದು ಕೊಟ್ಟಿತು. ಅಲ್ಲಿನ ಸುತ್ತು 13.6 ಕಿ.ಮೀ. ಉದ್ದ, 8 ಮೆಗಾಜೂಲ್ ಎಂದರೆ ಸುಮಾರು 2.2 ಯೂನಿಟ್. ದೀರ್ಘಾವಧಿ ಸ್ಪರ್ಧೆಗಳ 2014ರ ವಿಶ್ವ ಪ್ರಶಸ್ತಿಯನ್ನು ಕೆಪಾಸಿಟರ್ ಹೊತ್ತ ಟೊಯೊಟಾ ಗೆದ್ದರೂ, 2015ರಿಂದ 2017ರವರೆಗೆ ಲೆ ಮಾನ್ಸ್ ಪೋರ್ಷೆಯದಾಯಿತು. 2016ರ ಹೊತ್ತಿಗೆ ಟೊಯೊಟಾ, ಔಡಿ ಎರಡೂ ಬ್ಯಾಟರಿಯತ್ತ ಹೊರಳಿದವು. ಗತಿಚಕ್ರ ಸೋತದ್ದು ಕೆಟ್ಟ ತಂತ್ರವಾಗಿದ್ದರಿಂದಲ್ಲ. ಬ್ಯಾಟರಿ ಕೋಶಗಳು ಅಷ್ಟು ಬೇಗ ಸುಧಾರಿಸಿದವು ಎಂದು ಹೇಳುವುದೇ ನ್ಯಾಯ.

ಬಿಸಿ, ಭಾರ, ಬಾಳಿಕೆ

ಮೋಟಾರು, ಇನ್ವರ್ಟರುಗಳ ದಕ್ಷತೆ ಶೇ 95 ಎಂದು ಹಿಡಿದರೂ 200 ಕಿಲೋವಾಟ್ ಹರಿಯುವಾಗ 10 ಕಿಲೋವಾಟ್ ಬಿಸಿಯಾಗುತ್ತದೆ. ಬ್ಯಾಟರಿಯ ಬಿಸಿ ಇದಕ್ಕೆ ಸೇರುತ್ತದೆ. ಎಂಜಿನ್ನಿನ ನೀರು 100 ಡಿಗ್ರಿ ಸೆಲ್ಸಿಯಸ್ ಸಮೀಪ ಬಿಸಿಯಾಗಿದ್ದರೂ ನಡೆದೀತು. ಲಿಥಿಯಂ ಕೋಶಗಳನ್ನು ಸಾಮಾನ್ಯವಾಗಿ 60 ಡಿಗ್ರಿಗಿಂತ ಕೆಳಗೇ ಇಡಬೇಕು. ಹೀಗಾಗಿ ಅವಕ್ಕೆ ಬೇರೆಯೇ ರೇಡಿಯೇಟರ್ ಬೇಕು. ಹೊರಗಿನ ಗಾಳಿ 25 ಡಿಗ್ರಿ ಇದ್ದು ತಂಪುದ್ರವ 55 ಡಿಗ್ರಿ ಇದ್ದರೆ 30 ಡಿಗ್ರಿಯ ಅಂತರ ಸಿಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಉಳಿಯುವ ಅಂತರ 15 ಡಿಗ್ರಿ ಮಾತ್ರ. ಅದೇ ರೇಡಿಯೇಟರ್ ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಬಿಸಿ ಹೊರಹಾಕುತ್ತದೆ. ವಿದೇಶಿ ಪುಸ್ತಕದ ಅಳತೆಗಳನ್ನು ಇಲ್ಲಿ ಹಾಗೇ ಎತ್ತಿಕೊಳ್ಳಬಾರದೆನ್ನುವುದಕ್ಕೆ ಈ ಒಂದು ಲೆಕ್ಕ ಸಾಕು.

ಚಾಲಕನಿಗೆ ಬ್ರೇಕ್ ಪೆಡಲು ಒಂದೇ. ಅದರ ಹಿಂದೆ ಮೋಟಾರು ಎಷ್ಟು ಹಿಡಿಯಬೇಕು, ಡಿಸ್ಕು ಎಷ್ಟು ಹಿಡಿಯಬೇಕು ಎಂಬುದನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹಂಚುತ್ತದೆ. ಬ್ಯಾಟರಿ ತುಂಬಿದ ಗಳಿಗೆಯಲ್ಲಿ ಪೂರ್ತಿ ಹೊರೆ ಡಿಸ್ಕಿಗೆ ಬೀಳುತ್ತದೆ. ಆ ಬದಲಾವಣೆ ಪೆಡಲಿನಲ್ಲಿ ಗೊತ್ತಾಗಬಾರದು. ಜೊತೆಗೆ, ಅಪಘಾತವಾದರೆ ಕಾರು ಮುಟ್ಟಲು ಸುರಕ್ಷಿತವೇ ಎಂದು ತೋರಿಸುವ ದೀಪ, ವಿದ್ಯುತ್ ಸೋರಿಕೆ ಪತ್ತೆಹಚ್ಚುವ ಸಾಧನ, ಮೆಕ್ಯಾನಿಕ್‌ಗಳಿಗೆ ರಬ್ಬರ್ ಕೈಗವಸು, ಇವು ಕಡ್ಡಾಯ.

ಬಾಳಿಕೆಯ ವಿಷಯದಲ್ಲಿ 2016ರ ಲೆ ಮಾನ್ಸ್ ಮರೆಯಲಾಗದ್ದು. 23 ಗಂಟೆ 55 ನಿಮಿಷದ ಹೊತ್ತಿಗೆ ಮುಂದಿದ್ದ ಟೊಯೊಟಾ ಟಿಎಸ್050 ಕೊನೆಯ ನಿಮಿಷಗಳಲ್ಲಿ ಕಸುವು ಕಳೆದುಕೊಂಡು ನಿಂತಿತು. ಬ್ಯಾಟರಿಯಾಗಲಿ ಮೋಟಾರಾಗಲಿ ಕೈಕೊಟ್ಟಿರಲಿಲ್ಲ. ಟರ್ಬೊ ಮತ್ತು ಇಂಟರ್‌ಕೂಲರ್ ನಡುವಿನ ಗಾಳಿ ಕೊಳವೆಯ ಜೋಡಣೆಯೊಂದು ಕೆಟ್ಟಿತ್ತು.

ಕರ್ನಾಟಕದಲ್ಲಿ

ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸನ್‌ರನ್ನರ್ ಎಂಬ ಸೌರ ಕಾರಿನ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಫ್ಲಾರಿಡಾದಿಂದ ಮಿಷಿಗನ್‌ವರೆಗಿನ ಸನ್‌ರೇಸ್ ಗೆದ್ದು, ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಡಾರ್ವಿನ್‌ನಿಂದ ಅಡಿಲೇಡ್‌ಗೆ ಸುಮಾರು 3000 ಕಿ.ಮೀ. ಓಡಿ ಮೂರನೆಯ ಸ್ಥಾನ ಪಡೆಯಿತು. ಅದು ಇಂಧನ ಎಂಜಿನ್ ಇಲ್ಲದ ಕಾರು, ನಿಜ. ಆದರೆ ಬರುವ ಶಕ್ತಿ, ಕೂಡಿಟ್ಟ ಶಕ್ತಿ, ಉಳಿದ ದೂರ ಈ ಮೂರನ್ನು ತೂಗಿ ಓಡುವ ವಿದ್ಯೆ ಒಂದೇ. 2001ರಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನ ಬೇರು ಅಲ್ಲಿದೆ.

ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಅಶ್ವ ರೇಸಿಂಗ್ ತಂಡ 2003ರಿಂದ ಕಾರು ಕಟ್ಟುತ್ತಿದೆ. ಪೆಟ್ರೋಲ್ ಕಾರುಗಳ ಜೊತೆ ಹೈಬ್ರಿಡ್ ಕಾರುಗಳನ್ನೂ ಮಾಡಿದೆ. ವಿದ್ಯಾರ್ಥಿ ಸ್ಪರ್ಧೆಗಳ ದೀರ್ಘ ಓಟ ಸುಮಾರು 22 ಕಿ.ಮೀ.ಯದು, ಆದರೂ ಅಂಕಗಳಲ್ಲಿ ದೊಡ್ಡ ಪಾಲು ಅದಕ್ಕೇ. ಅದನ್ನು ಮುಗಿಸಲಾಗದೆ ನಿಲ್ಲುವ ಕಾರುಗಳು ಪ್ರತಿ ವರ್ಷವೂ ಇರುತ್ತವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ

ಈ ತಾಲ್ಲೂಕುಗಳಲ್ಲಿ ಮೋಟಾರು ರೇಸಿನ ಟ್ರ್ಯಾಕ್ ಇಲ್ಲ. ಹತ್ತಿರದ ಹಳೆಯ ತಾಂತ್ರಿಕ ಶಿಕ್ಷಣ ಕೇಂದ್ರವೆಂದರೆ ವಿಜಯಪುರದಲ್ಲಿ 1980ರಲ್ಲಿ ಶುರುವಾದ ಬಿ.ಎಲ್.ಡಿ.ಇ. ಸಂಸ್ಥೆಯ ಡಾ. ಪಿ.ಜಿ. ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು. ಈ ಭಾಗದ ವಿದ್ಯಾರ್ಥಿ ಕಡಿಮೆ ಖರ್ಚಿನಲ್ಲಿ ಈ ವಿದ್ಯೆಗೆ ಕೈಹಾಕಲು ಸೂಕ್ತವಾದದ್ದು, ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಇಂಡಿಯಾ ನಡೆಸುವ ಎಫಿಸೈಕಲ್ ಸ್ಪರ್ಧೆ. ಅದರ ವಾಹನ ಇಬ್ಬರು ಪೆಡಲು ತುಳಿಯುವ, ಜೊತೆಗೆ ವಿದ್ಯುತ್ ಮೋಟಾರೂ ಇರುವ ಮೂರು ಚಕ್ರದ ಬಂಡಿ. ಮನುಷ್ಯನ ಕಾಲು ಮತ್ತು ಬ್ಯಾಟರಿ, ಎರಡು ಮೂಲದ ಶಕ್ತಿ ಕೂಡಿದ ಅದೂ ಹೈಬ್ರಿಡ್ಡೇ, ಮತ್ತು ಅದರಲ್ಲೂ ದೀರ್ಘ ಓಟದ ಪರೀಕ್ಷೆ ಇದೆ.